ಅಮಾವಾಸ್ಯೆಗೆ ಹನ್ನೊಂದು ಸುತ್ತು

ಬಿಜ್ಜರಗಿಯ ಭೀಮಾಶಂಕರ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಅಕ್ಕಾರ, ನಮ್ಮ ತ್ವಾಟದಾಗ ಒಂದು ಹಳೇ ಗಾಡಿ ನಿಂತೈತ್ರಿ. ಒಮ್ಮಿ ಬಂದು ನೋಡಿ ಹೋಗ್ರಿ."

ಹಳೇ ಗಾಡಿ ಎಂದರೆ ವಿಶಾಖಾಳ ಕಣ್ಣಿಗೆ ಕಟ್ಟುವುದು ಜೀಪು, ಟ್ರ್ಯಾಕ್ಟರು, ಹೆಚ್ಚೆಂದರೆ ಒಂದು ಅಂಬಾಸಿಡರ್. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಅವಳ ಗ್ಯಾರೇಜಿಗೆ ಬರುತ್ತಿದ್ದದ್ದು ಅಂಥವೇ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ ಭಾಗಪ್ಪ ನಿವೃತ್ತಿಯಾದ ಮೇಲೆ ತೆರೆದ ಗ್ಯಾರೇಜು ಅದು. ಅಪ್ಪ ತೀರಿಕೊಂಡ ನಂತರ ಅವಳೇ ನಡೆಸುತ್ತಿದ್ದಳು. ನಲವತ್ತೊಂದರ ಹೆಂಗಸು, ಮಾತು ಕಡಿಮೆ, ಕಿವಿ ಚುರುಕು. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಾಳೆ ಎಂಬ ಹೆಸರಿತ್ತು. ಆದರೆ ಈಚೆಗೆ ಬರುವ ಗಾಡಿಗಳಿಗೆ ಕಿವಿಯ ಹಂಗು ಉಳಿದಿರಲಿಲ್ಲ. ಕಂಪ್ಯೂಟರಿನ ವೈರು ಚುಚ್ಚಿದರೆ ರೋಗದ ಹೆಸರನ್ನು ಅದೇ ಬರೆದು ತೋರಿಸುತ್ತಿತ್ತು. ತನ್ನ ವಿದ್ಯೆಗೆ ಇನ್ನು ಹೆಚ್ಚು ದಿನ ಇಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಭಾನುವಾರ ಬೈಕಿನ ಹಿಂದೆ ಬೋಲ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಕಟ್ಟಿಕೊಂಡು ತಿಕೋಟಾ ದಾಟಿ ಬಿಜ್ಜರಗಿಗೆ ಹೋದಳು. ಭೀಮಾಶಂಕರ ಮೂವತ್ತರ ತರುಣ. ನಾಲ್ಕು ಎಕರೆ ದ್ರಾಕ್ಷಿ ಬೆಳೆದಿದ್ದ, ದಡ್ಡಿಯಲ್ಲಿ ನೂರಾರು ಕುರಿಗಳೂ ಇದ್ದವು. ದ್ರಾಕ್ಷಿ ಒಣಗಿಸಲು ಹೊಸ ಶೆಡ್ಡು ಕಟ್ಟಿಸಬೇಕೆಂದು ಜಾಗ ನೋಡಿದ್ದ. ಆ ಜಾಗದಲ್ಲಿ ಕಲ್ಲುಗೋಡೆಯ ಹಳೆಯ ಕೋಣೆಯೊಂದು ಅಡ್ಡ ನಿಂತಿತ್ತು.

"ಕ್ವಾಣಿ ಕೆಡವಬೇಕ್ರಿ. ಒಳಗಿನ ಗಾಡಿ ಮಾತ್ರ ಹೊರಗ ತರಾಕ ನಮ್ಮ ಆಯಿ ಬಿಡವಲ್ಲಳು," ಎನ್ನುತ್ತ ಬಾಗಿಲು ನೂಕಿದ.

ಒಳಗೆ ಎದೆಯೆತ್ತರಕ್ಕೆ ಕಂಬಳಿಗಳ ಗುಡ್ಡ. ಇಬ್ಬರೂ ಸೇರಿ ಒಂದೊಂದೇ ಸರಿಸಿದರು. ಏಳು ಕಂಬಳಿ. ಅವುಗಳ ಕೆಳಗೆ ಗೋಣಿತಟ್ಟು. ಕೊನೆಯ ತಟ್ಟು ಜಾರಿದಾಗ ವಿಶಾಖಾ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

ಅದು ಕೆಂಪು ಬಣ್ಣದ ಗಾಡಿ. ಧೂಳಿನಡಿಯಲ್ಲೂ ಕೆಂಪೇ. ಎರಡೇ ಸೀಟು, ತಲೆಯ ಮೇಲೆ ತಗಡಿಲ್ಲ. ಮುಂದೆ ಉದ್ದನೆಯ ಮೂತಿ, ಅದರ ಎರಡೂ ಬದಿಗೆ ನೀರಿನಂತೆ ಇಳಿದುಬಂದ ಮಡ್‌ಗಾರ್ಡು, ಹಿಂದೆ ಬೆನ್ನಿಗೆ ಕಟ್ಟಿದ ಸ್ಟೆಪ್ನಿ. ಮುಂದಿನ ಜಾಲರಿಯ ನಡುವೆ ಎಂಟು ಮೂಲೆಯ ಬಿಲ್ಲೆಯ ಮೇಲೆ ಎಂ.ಜಿ. ಎಂಬ ಎರಡು ಇಂಗ್ಲಿಷ್ ಅಕ್ಷರ. ಇಂಗ್ಲೆಂಡಿನಲ್ಲಿ ರೇಸಿನ ಹುಚ್ಚಿನವರಿಗೆಂದು ಎಪ್ಪತ್ತು ವರ್ಷಗಳ ಹಿಂದೆ ಮಾಡಿದ ಗಾಡಿ. ಅಪ್ಪನ ಹಳೆಯ ಕ್ಯಾಲೆಂಡರೊಂದರಲ್ಲಿ ಬಿಟ್ಟರೆ ಅವಳು ಇಂಥದ್ದನ್ನು ಎಲ್ಲೂ ನೋಡಿರಲಿಲ್ಲ. ಜಾಲರಿಗೆ ಮಾತ್ರ ಯಾರೋ ಭಂಡಾರ ಹಚ್ಚಿದ್ದರು. ಒಂದು ಸಲ ಹಚ್ಚಿದ್ದಲ್ಲ, ಪದರದ ಮೇಲೆ ಪದರ ಕೂತು ಅರಿಶಿನ ಗಟ್ಟಿಯಾಗಿತ್ತು.

ನಾಲ್ಕು ಚಕ್ರಗಳೂ ನೆಲ ಮುಟ್ಟದಂತೆ ಗಾಡಿಯನ್ನು ಕಲ್ಲುಗಳ ಮೇಲೆ ಕೂರಿಸಲಾಗಿತ್ತು. ಗೋಡೆಯ ಗೂಟಕ್ಕೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಕಬ್ಬಿಣದ ಹ್ಯಾಂಡಲ್ ತೂಗುಬಿದ್ದಿತ್ತು. ಇಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್.

"ಎಷ್ಟ್ ವರ್ಷದಿಂದ ನಿಂತೈತಿ?"

"ನಾ ಹುಟ್ಟೂದಕ್ಕಿಂತ ಮದಲಿಂದ್ರಿ. ಐವತ್ತರ ಮ್ಯಾಲ ಆಗ್ಯಾವು ಅಂತಾಳ ಆಯಿ."

ವಿಶಾಖಾಳ ಉತ್ಸಾಹ ಅಲ್ಲಿಗೇ ತಣ್ಣಗಾಯಿತು. ಎರಡು ಮಳೆಗಾಲ ಸುಮ್ಮನೆ ನಿಂತ ಪಂಪಿನ ಇಂಜಿನ್ನು ಒಳಗೊಳಗೇ ತುಕ್ಕು ಹಿಡಿದು ಕಲ್ಲಾಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಐವತ್ತು ವರ್ಷವೆಂದರೆ ಇನ್ನೇನು ಉಳಿದೀತು? ಆದರೂ ಬಂದ ತಪ್ಪಿಗೆ ನೋಡಿಯೇ ಬಿಡೋಣ ಎಂದು ಹ್ಯಾಂಡಲನ್ನು ಮೂತಿಯ ಕೆಳಗಿನ ತೂತಿನಲ್ಲಿ ತೂರಿಸಿ, ಕಾಲು ಗಟ್ಟಿಯಾಗಿ ಊರಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು.

ಮುಗ್ಗರಿಸಿ ಬೀಳುವುದೊಂದು ಬಾಕಿ. ಹ್ಯಾಂಡಲ್ ತಿರುಗಿತು! ಬೆಣ್ಣೆಯಲ್ಲಿ ಕೈಯಾಡಿಸಿದಂತೆ ತಿರುಗಿ, ಅರ್ಧ ಸುತ್ತಿನಲ್ಲಿ ಮೆತ್ತಗೆ ತಡೆದು, ಮತ್ತೆ ಮುಂದೆ ಸರಿಯಿತು. ಇಂಜಿನ್ನಿನ ಒಡಲಿನಿಂದ ಫುಸ್ ಎಂದು ಉಸಿರು ಬಿಟ್ಟ ಸದ್ದು. ವಿಶಾಖಾಳ ತೋಳಿನ ಕೂದಲು ನಿಮಿರಿದವು. ಅವಳು ಹ್ಯಾಂಡಲ್ ಬಿಟ್ಟು ಅಂಗೈಯನ್ನೇ ನೋಡಿಕೊಂಡಳು.

"ಹಂಗ ತಿರುವಬಾರ್ದ ಯವ್ವಾ," ಎಂದಿತು ಬಾಗಿಲಲ್ಲಿ ಒಂದು ದನಿ. "ಮದಲ ನಾಕೂ ಬುಚ್ಚ ತಗೀಬೇಕು. ಎಣ್ಣಿ ಬಿಡಬೇಕು. ಆಮ್ಯಾಲ ತಿರುವಬೇಕು."

ಭೀಮಾಶಂಕರನ ಅಜ್ಜಿ ಬೋರವ್ವ. ಎಪ್ಪತ್ತಾರು ವರ್ಷ, ಸಣ್ಣ ದೇಹ, ಹಿಂದೆ ತೊಟ್ಟಿದ್ದ ಹಸಿರು ಬಳೆಗಳ ಕಲೆ ಮೊಳಕೈವರೆಗೆ ಉಳಿದ ತೋಳು. ಬಂದವಳೇ ಗಾಡಿಯ ಮೂತಿಯ ತಗಡನ್ನು ರೆಕ್ಕೆಯಂತೆ ಮೇಲಕ್ಕೆ ಮಡಚಿ, ಇಂಜಿನ್ನಿನ ತಲೆಯಲ್ಲಿದ್ದ ನಾಲ್ಕು ಪ್ಲಗ್ಗುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ತೋರಿಸಿದಳು. "ಇವು ನಾಕು."

"ಇದನ್ನ ಯಾರು ತಿರುವತಾರ ಆಯಿ?"

"ನಾನ."

*

ಬೋರವ್ವ ಹೊಸ್ತಿಲ ಮೇಲೆ ಕೂತು ಹೇಳಿದಳು. ಅವಳಿಗಾಗ ಇಪ್ಪತ್ತೈದಿರಬೇಕು, ಗಂಡ ಅಮಸಿದ್ದನಿಗೆ ಮೂವತ್ತು. ಇಬ್ಬರೂ ಕುರಿ ಕಾಯುತ್ತಿದ್ದರು. ಒಂದು ಸಂಜೆ ಹಳ್ಳದ ಕಲ್ಲುಗಳಲ್ಲಿ ಈ ಗಾಡಿ ಸಿಕ್ಕಿಕೊಂಡಿತ್ತು. ಇಳಿದು ನಿಂತವನು ರಾಜಾರಾಮ ಎಂಬ ಸೊಲ್ಲಾಪುರದ ಹುಡುಗ, ನೆಲದಡಿಯ ನೀರು ಎಲ್ಲಿದೆ ಎಂದು ಹುಡುಕುವ ನೌಕರಿ. ಹಿಂದಿನ ಗಾಲಿಗಳನ್ನು ತಿರುಗಿಸುವ ಎಕ್ಸೆಲ್ಲು ಮುರಿದಿತ್ತು. ಅಮಸಿದ್ದ ಎತ್ತು ಹೂಡಿ ಗಾಡಿಯನ್ನು ಈ ಕೋಣೆಗೆ ಎಳೆದು ತಂದ. ಹುಡುಗ ಆ ರಾತ್ರಿ ಇಲ್ಲಿಯೇ ಉಳಿದು, ಮರುದಿನ ಬೆಳಗ್ಗೆ ಲಾರಿ ಹತ್ತಿ ಹೊರಟ.

"ಹೋಗೂಮುಂದ ನಮ್ಮವ್ರ ಕೈ ಹಿಡಿದು ಹೇಳ್ದ. 'ಅಮಸಿದ್ದಣ್ಣಾ, ಸಾಮಾನು ಮುಂಬೈದಿಂದ ಬರಬೇಕು. ಒಂದೆರಡು ತಿಂಗಳು ತಡ ಆದೀತು. ತಿಂಗಳಿಗೊಮ್ಮಿ ಇದರ ನಾಕೂ ತೂತಿನ್ಯಾಗ ಒಂದೊಂದು ಚಮಚ ಎಣ್ಣಿ ಬಿಟ್ಟು ಹನ್ನೊಂದು ಸುತ್ತು ತಿರುವು. ಇಲ್ಲಂದ್ರ ಇದರ ಜೀವ ಹೋಗ್ತೈತಿ' ಅಂದ. ನಮಗೇನು ತಾರೀಖು ಗೊತ್ತವ್ವ? ಅಮಾಸಿ ಗೊತ್ತು. ಅಮಾಸಿಗೊಮ್ಮಿ ಅಂತ ಹಿಡದ್ವಿ."

"ಅಂವ ಬರಲಿಲ್ಲೇನು?"

"ಬರಲಿಲ್ಲ."

ಹುಡುಗ ಬಿಟ್ಟುಹೋದ ಎಣ್ಣೆ ಒಂದೇ ವರ್ಷಕ್ಕೆ ಮುಗಿಯಿತು. ಮುಂದೆ ಅಮಸಿದ್ದ ತಿಕೋಟಾದ ಸಂತೆಯಿಂದ ಹೊಲಿಗೆ ಮಷೀನಿಗೆ ಹಾಕುವ ಎಣ್ಣೆ ತಂದ. ಕುರಿಗಳ ಹಿಂದೆ ಕೃಷ್ಣಾ ದಂಡೆಯ ತನಕ ಮೇಯಿಸಲು ಹೋದಾಗಲೂ ಅಮಾವಾಸ್ಯೆಯ ಹಿಂದಿನ ದಿನ ಮಂದೆಯನ್ನು ಹೆಂಡತಿಗೆ ಒಪ್ಪಿಸಿ, ಬುತ್ತಿ ಕಟ್ಟಿಕೊಂಡು ಊರಿಗೆ ನಡೆದು ಬರುತ್ತಿದ್ದ. ಹನ್ನೊಂದು ಸುತ್ತು ತಿರುಗಿಸಿ, ಜಾಲರಿಗೆ ಭಂಡಾರ ಹಚ್ಚಿ, ಮತ್ತೆ ನಡೆದು ಹೋಗುತ್ತಿದ್ದ. ಊರವರು ನಕ್ಕರು. ಪ್ಯಾಟಿಯವ ನಿನಗೆ ಟೊಪ್ಪಿಗಿ ಹಾಕಿ ಹೋಗ್ಯಾನ ಎಂದರು. ಎರಡು ಸಲ ಸೊಲ್ಲಾಪುರಕ್ಕೂ ಹೋಗಿ ರಾಜಾರಾಮ ಸಾಹೇಬರ ಮನೆ ಎಲ್ಲಿ ಎಂದು ಕಂಡಕಂಡವರನ್ನು ಕೇಳಿ ಬರಿಗೈಯಲ್ಲಿ ಬಂದ. ಒಂಬತ್ತು ವರ್ಷಗಳ ಹಿಂದೆ ಅವನು ತೀರಿಕೊಂಡ ಮೇಲೆ ಹ್ಯಾಂಡಲ್ ಬೋರವ್ವನ ಕೈಗೆ ಬಂತು.

ವಿಶಾಖಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆರು ನೂರಕ್ಕೂ ಮೇಲೆ ಅಮಾವಾಸ್ಯೆ.

"ಒಂದೂ ತಪ್ಪಿಲ್ಲೇನು ಆಯಿ?"

"ಒಂದು ತಪ್ಪೈತಿ. ನಮ್ಮವ್ರು ಸತ್ತ ತಿಂಗಳ." ಬೋರವ್ವ ಸೆರಗಿನಿಂದ ಹೊಸ್ತಿಲ ಧೂಳು ಒರೆಸಿದಳು. "ಅಮಾನತು ಯವ್ವಾ ಇದು. ಕಾಯಾಕ ಕೊಟ್ಟ ಮಂದಿ ಸಾಮಾನು. ನಮ್ಮವ್ರು ಒಮ್ಮಿನೂ ಇದರಾಗ ಕುಂತವರಲ್ಲ, ನನಗೂ ಕುಂದ್ರಾಕ ಬಿಟ್ಟವರಲ್ಲ. ನೀ ರಿಪೇರಿ ಮಾಡು. ಬರುವಾಗ ಎತ್ತು ಎಳಕೊಂಡು ತಂದಾವು. ಹೋಗುವಾಗ ಅದು ತಾನ ನಡಕೋತ ಹೋಗಬೇಕು. ಅಲ್ಲೀತನಾ ಈ ಹೊಸ್ತಿಲ ದಾಟಸಗೊಡೂದಿಲ್ಲ."

ಅಂದು ಸಂಜೆ ವಿಜಯಪುರಕ್ಕೆ ಮರಳುವಾಗ ವಿಶಾಖಾ ತಿಕೋಟಾದಲ್ಲಿ ಬೈಕು ನಿಲ್ಲಿಸಿ, ಚಹಾ ಹೇಳಿ, ಅದನ್ನು ಕುಡಿಯದೆ ಎದ್ದು ಬಂದಳು. ಅಂಗೈಯಲ್ಲಿ ಆ ಮೆತ್ತಗಿನ ತಡೆ ಇನ್ನೂ ಇತ್ತು.

*

ಅಲ್ಲಿಂದ ಐದು ತಿಂಗಳು ಪ್ರತಿ ಭಾನುವಾರ ಅವಳು ಬಿಜ್ಜರಗಿಯಲ್ಲಿ. ಗಾಡಿ ಹೊಸ್ತಿಲು ದಾಟುವಂತಿರಲಿಲ್ಲ, ಬಿಚ್ಚಿದ ಸಾಮಾನುಗಳಿಗೆ ಅಡ್ಡಿಯಿರಲಿಲ್ಲ. ಮುರಿದ ಎಕ್ಸೆಲ್ಲಿನ ಎರಡು ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಅವಳು ತನ್ನ ಪಕ್ಕದ ಲೇತ್ ಅಂಗಡಿಯ ರಿಜ್ವಾನನ ಮುಂದಿಟ್ಟಳು. ಅವನು ಎರಡನ್ನೂ ಜೋಡಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

"ಇದನ್ನ ಮಾಡಿದಾಂವ ಉಸ್ತಾದ ಅದಾನ ಅಕ್ಕಾ," ಎಂದ. "ನನಗ ಎಂಟು ದಿನ ಕೊಡು." ಹದಿನೈದು ದಿನ ತೆಗೆದುಕೊಂಡ. ಹಳೆಯ ಲಾರಿಯ ಎಕ್ಸೆಲ್ಲಿನ ಉಕ್ಕನ್ನು ಕಡೆದು ಮಾಡಿದ ಹೊಸ ದಂಡ ಹಳೆಯದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಬಂತು.

ವಿಶಾಖಾಳಿಗೆ ಗಾಡಿಯೇ ಒಂದು ಶಾಲೆಯಾಯಿತು. ಇಂಜಿನ್ನಿನ ಬೋಲ್ಟುಗಳಿಗೆ ಅವಳ ಯಾವ ಪಾನಾವೂ ಕೂರಲಿಲ್ಲ. ಕೊನೆಗೆ ಅಪ್ಪನ ಹಳೆಯ ಪೆಟ್ಟಿಗೆಯ ತಳದಲ್ಲಿದ್ದ, ಡಿಪೋಗೆ ಇಂಗ್ಲಿಷ್ ಬಸ್ಸುಗಳು ಬರುತ್ತಿದ್ದ ಕಾಲದ ಪಾನಾಗಳನ್ನು ತಂದು ನೋಡಿದರೆ ತಟ್ಟನೆ ಕೂತವು. ಬೋಲ್ಟು ಹೊರಬಂದಾಗ ಮತ್ತೊಂದು ಸೋಜಿಗ. ತಲೆ ಇಂಗ್ಲಿಷ್ ಅಳತೆಯದು, ತಿರುಪಿನ ಸುರುಳಿ ಮಾತ್ರ ಮಿಲಿಮೀಟರಿನದು. ತಲೆ ಒಂದು ಊರಿನದು, ಒಡಲು ಇನ್ನೊಂದು ಊರಿನದು. ಹೀಗೆ ಯಾಕೆ ಮಾಡಿದರೋ ಅವಳಿಗೆ ತಿಳಿಯಲಿಲ್ಲ. ಆದರೆ ಇಂಜಿನ್ನಿನ ತಲೆ ಎತ್ತಿ ಒಳಗೆ ಟಾರ್ಚು ಬಿಟ್ಟಾಗ ಬೋಲ್ಟಿನ ಮಾತು ಮರೆತೇ ಹೋಯಿತು. ನಾಲ್ಕೂ ಸಿಲಿಂಡರಿನ ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದು ತುಕ್ಕಿನ ಚುಕ್ಕೆಯಿಲ್ಲ. ತನ್ನ ಮುಖವೇ ಅದರಲ್ಲಿ ಉದ್ದುದ್ದವಾಗಿ ಕಾಣುತ್ತಿತ್ತು. ಅವಳು ಟಾರ್ಚು ಆರಿಸಿದಳು. ಅಪ್ಪ ಇರಬೇಕಿತ್ತು ಅನಿಸಿತು.

ಗಾಡಿಯ ಎಡಮಗ್ಗುಲಿಗೆ ಮಾತ್ರ ಗೆದ್ದಲು ಹಿಡಿದಿತ್ತು. ಕಬ್ಬಿಣದ ಗಾಡಿಗೆ ಎಲ್ಲಿಯ ಗೆದ್ದಲು ಎಂದು ತಗಡು ಸರಿಸಿದರೆ ಒಳಗಿದ್ದದ್ದು ಮರ! ಬಾಗಿಲು, ಬದಿ, ಬೆನ್ನು ಎಲ್ಲಕ್ಕೂ ಮರದ ಎಲುಬು, ಅದರ ಮೇಲೆ ತಗಡಿನ ಚರ್ಮ. ಇದಕ್ಕೆ ಬಡಿಗನೇ ಬೇಕೆಂದು ಭೀಮಾಶಂಕರ ಕಳ್ಳಕವಟಗಿಯಿಂದ ಪರಸಪ್ಪನನ್ನು ಕರೆತಂದ. ಅವನು ಎತ್ತಿನ ಚಕ್ಕಡಿ ಮಾಡುವುದರಲ್ಲಿ ಕೂದಲು ಹಣ್ಣಾದ ಮನುಷ್ಯ. ಕೆಲಸವಿಲ್ಲದೆ ಈಚೆಗೆ ಕುರ್ಚಿಯ ಕಾಲು ಕೂರಿಸಿಕೊಂಡಿದ್ದ. ಗಾಡಿಯ ಸುತ್ತ ಎರಡು ಸಲ ತಿರುಗಿ, ಬದಿಯ ಸಂದಿಯಲ್ಲಿ ಕೈ ಹಾಕಿ ಮರದ ಕೀಲುಗಳನ್ನು ತಡವಿದ.

"ಯಪ್ಪಾ! ಇದು ಚಕ್ಕಡಿ ಮಾಡು ಕೈ ಮಾಡಿದ್ದ ಐತ್ರಿ," ಎಂದ. "ನೋಡ್ರಿಲ್ಲೆ, ಮೊಳಿ ಹೊಡದಿಲ್ಲ, ಹಲ್ಲಾಗ ಹಲ್ಲ ಕೂಡಿಸ್ಯಾರ. ನಾವೂ ಹಿಂಗ ಕೂಡಸ್ತೀವಿ."

ಕೆಡವಿದ ಮನೆಯೊಂದರ ಸಾಗವಾನಿ ತೊಲೆ ತಂದು ಅವನು ಕೆಲಸಕ್ಕೆ ಕೂತ. ಮೂರನೆಯ ವಾರ ವಿಶಾಖಾಳನ್ನು ಕೂಗಿ ಕರೆದ. ಬಾಗಿಲ ಹಿಂದಿನ ತಗಡಿನಡಿ ಒಂದು ತುಂಡು ಮರ ಗೆದ್ದಲಿಗೆ ಸಿಗದೆ ಉಳಿದಿತ್ತು. ಅದರ ಮೇಲೆ ಪೆನ್ಸಿಲಿನ ಗೀಟು, ಪಕ್ಕದಲ್ಲಿ ಅವಸರದಲ್ಲಿ ಬರೆದ ಒಂದು ಅಂಕಿ. ಎಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಯಾವನೋ ಬಡಿಗ ಕೊಯ್ಯುವ ಮೊದಲು ಹಾಕಿದ ಗುರುತು, ನಿನ್ನೆ ಹಾಕಿದಂತಿತ್ತು. ಪರಸಪ್ಪ ತನ್ನ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಂಗೈಯಲ್ಲಿ ಹಿಡಿದುಕೊಂಡೇ ಅದನ್ನು ನೋಡುತ್ತ ನಿಂತಿದ್ದ. "ಇದೊಂದು ತುಂಡು ತಗ್ಯಾಂಗಿಲ್ರಿ," ಎಂದ ಕೊನೆಗೆ. ಅದನ್ನು ಉಳಿಸಿಕೊಂಡೇ ಹೊಸ ಮರವನ್ನು ಸುತ್ತ ಕೂರಿಸಿದ. ಅದಕ್ಕಾಗಿ ಎರಡು ದಿನ ಹೆಚ್ಚು ಹಿಡಿಯಿತು.

*

ಒಡೆಯನನ್ನು ಹುಡುಕುವ ಕೆಲಸ ಇನ್ನೂ ಉಳಿದಿತ್ತು. ಸೀಟಿನ ಹಿಂದೆ ಒಂದು ಚರ್ಮದ ಚೀಲವಿತ್ತು, ಬಕಲು ಹಾಕಿದ್ದು ಹಾಕಿದಂತೆಯೇ.

"ಇದನ್ನ ಯಾರೂ ಬಿಚ್ಚಿ ನೋಡಿಲ್ಲೇನು ಆಯಿ?"

"ಮಂದಿ ಚೀಲ ಹ್ಯಾಂಗ ಬಿಚ್ಚೂದು?" ಬೋರವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಅದರಾಗ ಮನಿ ವಿಳಾಸ ಇದ್ದರ? ಬಿಚ್ಚಲಿಲ್ಲಂದ್ರ ಅಮಾನತು ಮುಟ್ಟಿಸೂದು ಹ್ಯಾಂಗ?"

ಬೋರವ್ವ ಆ ಭಾನುವಾರ ಚೀಲವನ್ನು ಮನೆಯೊಳಗೆ ಒಯ್ದಿಟ್ಟಳು. ಮುಂದಿನ ಭಾನುವಾರ ತಾನೇ ಚೀಲವನ್ನು ತಂದು ವಿಶಾಖಾಳ ಮಡಿಲಲ್ಲಿಟ್ಟಳು. "ನೀ ಬಿಚ್ಚು. ನನ್ನ ಕೈಲೆ ಆಗೂದಿಲ್ಲ." ಒಳಗೆ ಒಂದು ನಕಾಶೆ, ಕಲ್ಲು ಒಡೆಯುವ ಸಣ್ಣ ಸುತ್ತಿಗೆ, ಒಂದು ಅಂಗಿ, ಇನ್‌ಲ್ಯಾಂಡ್ ಪತ್ರ. ಪತ್ರ ಬರೆದವಳು ರಾಜಾರಾಮನ ತಂಗಿ ಸೋನಾಬಾಯಿ. ಹಿಂದೆ ಸೊಲ್ಲಾಪುರದ ವಿಳಾಸ ಬರೆದಿತ್ತು.

ವಿಶಾಖಾ ಮರುದಿನವೇ ಸೊಲ್ಲಾಪುರಕ್ಕೆ ಹೋದಳು. ಆ ವಿಳಾಸದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡ. ಎದುರಿನ ಕಿರಾಣಿ ಅಂಗಡಿಯ ಮುದುಕ ಮಾತ್ರ ಹೆಸರು ಕೇಳಿದೊಡನೆ, "ಸೋನಾಬಾಯಿ ಟೀಚರ್? ಅವರು ಹೊಸ ಬಡಾವಣೆಗೆ ಹೋಗ್ಯಾರ," ಎಂದು ತನ್ನ ಮಗನಿಂದ ಫೋನ್ ನಂಬರು ಕೊಡಿಸಿದ. ವಿಶಾಖಾ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಫೋನು ಹಚ್ಚಿದಳು. ಕೆಂಪು ಗಾಡಿ, ಬಿಜ್ಜರಗಿ, ರಾಜಾರಾಮ ಎಂದು ಹೇಳಿದಳು.

"ಅಣ್ಣ ತೀರಿಕೊಂಡು ಐವತ್ತೊಂದು ವರ್ಷ ಆತವ್ವ," ಎಂದರು ಸೋನಾಬಾಯಿ. "ಯಾವುದೋ ಸಾಮಾನು ತರಬೇಕು, ಇವತ್ತ ಲಾರಿ ಹತ್ತೇನಿ ಅಂತ ಕಾರ್ಡು ಹಾಕಿ ಮುಂಬೈಗೆ ಹೊಂಟಿದ್ದ. ಘಟ್ಟದಾಗ ಲಾರಿ ಪಲ್ಟಿ ಆತು. ಗಾಡಿ ಎಲ್ಲೆ ಬಿಟ್ಟಿದ್ದ ಅಂತ ನಮಗ ಯಾರಿಗೂ ಗೊತ್ತಾಗಲಿಲ್ಲ. ಮಾರಿರಬೇಕು ಅಂದುಕೊಂಡಿದ್ವಿ."

ಕಾರ್ಡಿನ ತಾರೀಖಿಗೆ ಕೂಡಿಸಿ ನೋಡಿದರೆ ಅದು ಬಿಜ್ಜರಗಿ ಬಿಟ್ಟ ಮೂರನೆಯ ದಿನ. ಸತ್ತವನಿಗೆ ಕೊಟ್ಟ ಮಾತನ್ನು ಅಮಸಿದ್ದ ನಲವತ್ತೆರಡು ವರ್ಷ ನಡೆಸಿದ್ದ.

ಇದನ್ನು ಬೋರವ್ವನಿಗೆ ಹೇಳುವುದು ಹೇಗೆಂದು ವಿಶಾಖಾ ದಾರಿಯುದ್ದಕ್ಕೂ ಯೋಚಿಸಿದಳು. ಹೇಳುವಾಗ ಸುತ್ತು ಬಳಸದೆ ಹೇಳಿಬಿಟ್ಟಳು. ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಮೂರನೇ ದಿನಕ್ಕ?"

"ಹೌದ್ ಆಯಿ."

"ಸಾಮಾನು ತರಾಕ ಹೋಗೂಮುಂದ?"

"ಹೌದು."

"ಹಂಗಾದ್ರ ಅಂವ ನಮ್ಮನ್ನ ಮರ್ತಿರಲಿಲ್ಲ." ಬೋರವ್ವ ಮೊರವನ್ನು ಬದಿಗೆ ಸರಿಸಿದಳು. "ನಾ ಎಷ್ಟ್ ಬೈದೇನಿ ಯವ್ವಾ ಅವಗ. ನಮ್ಮವ್ರು ಕಾಲು ಸೋತು ನಡಕೋತ ಬಂದಾಗೆಲ್ಲ ಬೈದೇನಿ. ಮಾತ ತಪ್ಪಿದ ಭಾಡ್ಯಾ ಅಂದೇನಿ. ಇವರು ಮಾತ್ರ ಒಮ್ಮಿನೂ ಅನ್ನಲಿಲ್ಲ. ಬರತಾನ, ಏನೋ ತೊಂದ್ರಿ ಆಗಿರಬೇಕು ಅಂತಿದ್ರು." ಅವಳು ಎದ್ದು ಸೀರೆಯ ನೆರಿಗೆ ಕೊಡವಿದಳು. "ನಿಂದ್ರು. ಅವರಿಗೆ ಹೇಳಿ ಬರ್ತೇನಿ."

ಹೊಲದ ಮೂಲೆಯಲ್ಲಿ ಅಮಸಿದ್ದನನ್ನು ಮಣ್ಣು ಮಾಡಿದ ಗದ್ದುಗೆಯ ಕಡೆಗೆ ಅವಳು ಒಬ್ಬಳೇ ನಡೆದು ಹೋದಳು. ಮರಳಿ ಬರಲು ಬಹಳ ಹೊತ್ತು ಹಿಡಿಯಿತು. ವಿಶಾಖಾ ಅಂದು ಕೆಲಸ ಮಾಡಲಿಲ್ಲ.

*

ಇಂಜಿನ್ನಿಗೆ ಜೀವ ಬಂದದ್ದು ಫೆಬ್ರುವರಿಯ ಒಂದು ಮಧ್ಯಾಹ್ನ. ಹೊಸ ಬ್ಯಾಟರಿ, ಹೊಸ ವೈರು, ಅಂಬಾಸಿಡರಿನ ಅಳತೆಯ ಹೊಸ ಟೈರು. ಗಾಡಿ ಕಲ್ಲುಗಳಿಂದ ಇಳಿದು ಮೊದಲ ಸಲ ನೆಲದ ಮೇಲೆ ನಿಂತಿತ್ತು. ವಿಶಾಖಾ ಕೀಲಿ ತಿರುಗಿಸಿದಳು. ಏನೂ ಆಗಲಿಲ್ಲ. ಪೆಟ್ರೋಲು ಎಳೆಯುವ ಪುಟ್ಟ ವಿದ್ಯುತ್ ಪಂಪಿನ ಮೇಲೆ ಪಾನಾದಿಂದ ಮೆಲ್ಲಗೆ ತಟ್ಟಿದಳು.

ಟಿಕ್. ಟಿಕ್. ಟಿಕ್ ಟಿಕ್ ಟಿಕ್.

ಪರಸಪ್ಪ, ಭೀಮಾಶಂಕರ, ಬೋರವ್ವ ಮೂವರೂ ಉಸಿರು ಹಿಡಿದು ಬಗ್ಗಿದರು. ಸದ್ದು ಮೊದಲು ಅವಸರವಾಗಿ, ಬರಬರುತ್ತ ನಿಧಾನವಾಗಿ, ಕೊನೆಗೆ ಹಾಲು ಕುಡಿದ ಕೂಸಿನಂತೆ ಸುಮ್ಮನಾಯಿತು.

"ಸತ್ತೇ ಹೋತ?" ಎಂದ ಪರಸಪ್ಪ ಪಿಸುದನಿಯಲ್ಲಿ.

"ಇಲ್ರಿ. ಹೊಟ್ಟಿ ತುಂಬೇತಿ."

ಅವಳು ಸ್ಟಾರ್ಟರಿನ ಗುಂಡಿ ಎಳೆದಳು. ಇಂಜಿನ್ನು ಗರಗರ ಸುತ್ತಿ, ಢಂ ಎಂದು ಬಂದೂಕಿನಂತೆ ಸಿಡಿಯಿತು. ದಡ್ಡಿಯ ಕುರಿಗಳೆಲ್ಲ ಬೇಲಿಗೆ ಬಿದ್ದವು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವಳು ಕಣ್ಣು ಮುಚ್ಚಿದಳು. ಒಂದನೆಯ ಸಿಲಿಂಡರು ಸರಿ, ಮುಂದಿನದು ಹುಸಿ, ನಾಲ್ಕನೆಯದು ಸರಿ, ಮತ್ತೆ ಹುಸಿ. ಇಲ್ಲಿ ಯಾವ ಕಂಪ್ಯೂಟರೂ ಬಂದು ಹೇಳುವಂತಿರಲಿಲ್ಲ. ಕಣ್ಣು ತೆರೆದು ನಗುತ್ತ, ತಾನೇ ಅದಲುಬದಲಾಗಿ ಹಾಕಿದ್ದ ನಡುವಿನ ಎರಡು ಪ್ಲಗ್ಗುಗಳ ವೈರನ್ನು ಬದಲಿಸಿದಳು.

ಈ ಸಲ ಇಂಜಿನ್ನು ಕೆಮ್ಮಿತು, ನೀಲಿ ಹೊಗೆ ಉಗುಳಿತು, ಮತ್ತೆ ಹಿಡಿದುಕೊಂಡಿತು. ಐವತ್ತೊಂದು ವರ್ಷಗಳ ಮಷೀನೆಣ್ಣೆಯ ವಾಸನೆ ಕೋಣೆಯ ತುಂಬ ಹರಡಿತು. ಹೊಗೆ ತಿಳಿಯಾಗುತ್ತ ಬಂದಂತೆ ಸದ್ದೂ ತಿಳಿಯಾಯಿತು, ಆಳವಾದ, ದುಂಡನೆಯ ಸದ್ದು. ಪರಸಪ್ಪ ತಲೆಯ ರುಮಾಲು ತೆಗೆದು ಎದೆಗೆ ಹಿಡಿದುಕೊಂಡಿದ್ದ. ಬೋರವ್ವ ಮುಂದೆ ಬಂದು ಗಾಡಿಯ ಮೂತಿಯ ಮೇಲೆ ಅಂಗೈಯಿಟ್ಟಳು. ತಟ್ಟನೆ ಹಿಂದೆಳೆದು, ಮತ್ತೆ ಇಟ್ಟಳು.

"ಬೆಚ್ಚಗ ಐತಿ," ಎಂದಳು. "ಇಷ್ಟ್ ವರ್ಷ ಮುಟ್ಟೇನಿ. ಒಮ್ಮಿನೂ ಬೆಚ್ಚಗ ಇರಲಿಲ್ಲ."

*

ಮುಂದಿನ ಭಾನುವಾರ ಸೋನಾಬಾಯಿ ಬಂದರು. ಎಪ್ಪತ್ತೆರಡರ ಎತ್ತರದ ಹೆಂಗಸು, ಹತ್ತಿಯ ಬಿಳಿ ಸೀರೆ, ತಾವೇ ಓಡಿಸಿಕೊಂಡು ಬಂದ ಸಣ್ಣ ಕಾರು. ಕೆಂಪು ಗಾಡಿ ಬೇವಿನ ಮರದಡಿ ನಿಂತಿತ್ತು, ತಾನಾಗಿಯೇ ಹೊಸ್ತಿಲು ದಾಟಿ ಬಂದು. ಸೋನಾಬಾಯಿ ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು. ಬಣ್ಣ ಹೊಡೆಸಬ್ಯಾಡ ಎಂದು ಬೋರವ್ವ ಮೊದಲೇ ಹೇಳಿದ್ದಳು. ಹೀಗಾಗಿ ಎಡ ಮಡ್‌ಗಾರ್ಡಿನ ಮೇಲಿನ ಹಳೆಯ ಗೀರು ಹಾಗೆಯೇ ಇತ್ತು.

"ಈ ಗೀರು ನಾ ಮಾಡಿದ್ದು," ಎಂದರು ಸೋನಾಬಾಯಿ. "ಅಣ್ಣ ನನಗ ಇದರಾಗ ಗಾಡಿ ಹೊಡಿಯಾಕ ಕಲಿಸಿದ್ದ. ಗ್ವಾಡಿಗೆ ತಿಕ್ಕಿಸಿದ್ನಿ. ಅಪ್ಪಗ ತಾನ ತಿಕ್ಕಿಸೀನಿ ಅಂತ ಹೇಳಿದ್ದ." ಅವರು ಬಗ್ಗಿ ಆ ಗೀರಿನ ಮೇಲೆ ಬೆರಳಾಡಿಸಿದರು. ಅಳಲಿಲ್ಲ. ಜಾಲರಿಯ ಮೇಲಿನ ಅರಿಶಿನ ಮುಟ್ಟಿ, ಇದೇನು ಎಂಬಂತೆ ವಿಶಾಖಾಳ ಮುಖ ನೋಡಿದರು. ವಿಶಾಖಾ ಹೇಳಿದಳು. ಅದನ್ನು ಕೇಳುತ್ತ ಕೇಳುತ್ತ ಅವರು ನಿಂತಲ್ಲಿಯೇ ನೆಲಕ್ಕೆ ಕೂತರು. ಆಗ ಅತ್ತರು.

ಬೋರವ್ವ ಅವಸರಪಡಿಸಲಿಲ್ಲ. ಅವರು ಎದ್ದು ಮುಖ ತೊಳೆದು ಬಂದ ಮೇಲೆ, ಎಣ್ಣೆಬಟ್ಟೆ ಬಿಚ್ಚಿ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಅದರ ಮೇಲೆ ಚರ್ಮದ ಚೀಲ, ಚೀಲದ ಮೇಲೆ ಕೀಲಿ.

"ತಗೋರಿ. ನಿಮ್ಮ ಅಮಾನತು."

"ನಾ ಇದನ್ನ ಹ್ಯಾಂಗ ತಗೊಳ್ಳಲ್ರಿ? ಇದು ನಿಮ್ಮದು. ನೀವು ಕಾದೀರಿ."

"ಹಂಗನಬ್ಯಾಡ್ರಿ," ಎಂದಳು ಬೋರವ್ವ, ಸ್ವಲ್ಪ ಸಿಟ್ಟಿನಲ್ಲಿಯೇ. "ನಮ್ಮದು ಅನ್ನೂದಿದ್ರ ಅವತ್ತ ಅಂತಿದ್ವಿ. ಕೊಡಬೇಕಂತ ಕಾದೇವಿ. ತಗೊಂಡು ಮುಟ್ಟಿತು ಅನ್ರಿ. ನಮ್ಮವ್ರ ಕಿವಿಗೆ ಬೀಳಲಿ."

ಸೋನಾಬಾಯಿ ಕೈ ಚಾಚಿ ತೆಗೆದುಕೊಂಡರು. "ಮುಟ್ಟಿತ್ರಿ ಅಕ್ಕಾರ," ಎಂದರು. "ಎಲ್ಲಾ ಮುಟ್ಟಿತು."

ಬೋರವ್ವ ಒಂದು ದೊಡ್ಡ ಉಸಿರು ಬಿಟ್ಟಳು. ಅವಳ ಹೆಗಲು ಎರಡು ಬೆರಳಷ್ಟು ಕೆಳಗಿಳಿದದ್ದನ್ನು ವಿಶಾಖಾ ಕಂಡಳು.

"ಈಗ ಗಾಡಿ ನಂದು ಹೌದಲ್ರಿ?" ಎಂದರು ಸೋನಾಬಾಯಿ. "ಹಂಗಾದ್ರ ನಾ ಹೇಳಿದ್ದು ಕೇಳ್ರಿ. ಹತ್ತಿ ಕುಂದರ್ರಿ."

ಬೋರವ್ವ ಭೀಮಾಶಂಕರನ ಕಡೆ ನೋಡಿದಳು, ವಿಶಾಖಾಳ ಕಡೆ ನೋಡಿದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗಾಡಿ ಹತ್ತಿದಳು.

*

ತಿಕೋಟಾ ದಾಟಿ ಬಬಲೇಶ್ವರದ ಕಡೆಗೆ ಹೊರಳುವ ರಸ್ತೆಯಲ್ಲಿ ಗಾಡಿ ಓಡಿತು. ಸೋನಾಬಾಯಿಯ ಕೈಯಲ್ಲಿ ಸ್ಟಿಯರಿಂಗು, ಪಕ್ಕದಲ್ಲಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಬೋರವ್ವ. ಹಿಂದೆ ಬೈಕಿನ ಮೇಲೆ ವಿಶಾಖಾ ಮತ್ತು ಭೀಮಾಶಂಕರ. ಕಡಲೆ ಕಿತ್ತ ಹೊಲಗಳ ಕರಿಮಣ್ಣಿನ ನಡುವೆ ಆ ಕೆಂಪು ಎಷ್ಟು ದೂರದಿಂದಲೂ ಕಾಣುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿನವರು ರಸ್ತೆ ಬಿಟ್ಟು ನಿಂತರು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ವಿಶಾಖಾಳ ಕಿವಿ ಮಾತ್ರ ಇಂಜಿನ್ನಿನ ಮೇಲೇ ಇತ್ತು. ಏರಿನಲ್ಲಿ ಒಮ್ಮೆಯಾದರೂ ತಡವರಿಸೀತು ಎಂದು ಕಾದಳು. ತಡವರಿಸಲಿಲ್ಲ. ತನ್ನ ಕೈಯ ಕೆಲಸ ಅದೆಂದು ಅವಳಿಗೆ ಅನಿಸಲೇ ಇಲ್ಲ. ತಾನು ಕೊನೆಯಲ್ಲಿ ಬಂದು ಬಾ ಎಂದು ಕರೆದವಳಷ್ಟೇ, ತಿಂಗಳು ತಿಂಗಳಿಗೆ ನಡೆದು ಬಂದು ಉಸಿರು ಹಿಡಿದಿಟ್ಟವನು ಬೇರೆ. ಆ ಮನುಷ್ಯನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಎದುರುಗಾಳಿಗೋ ಏನೋ ಕಣ್ಣು ತುಂಬಿತು.

ಬಬಲೇಶ್ವರದಲ್ಲಿ ಚಹಾದ ಅಂಗಡಿಯ ಮುಂದೆ ಗಾಡಿ ನಿಂತಿತು. ಮಂದಿ ಮುತ್ತಿದರು, ಫೋಟೋ ತೆಗೆದರು. ಬೋರವ್ವ ಕೆಳಗಿಳಿಯಲಿಲ್ಲ. ಭೀಮಾಶಂಕರ ಚಹಾವನ್ನು ಅಲ್ಲಿಗೇ ತಂದುಕೊಟ್ಟ. ಮಂದಿ ಚದುರಿದ ಮೇಲೆ ಸೋನಾಬಾಯಿ ಕೇಳಿದರು, ಬಹಳ ಹೊತ್ತಿನಿಂದ ಇಟ್ಟುಕೊಂಡಿದ್ದಂತೆ.

"ಅಕ್ಕಾರ, ಅವತ್ತ ರಾತ್ರಿ ಅಣ್ಣ ಏನ್ ಉಂಡ?"

ಬೋರವ್ವನಿಗೆ ನೆನಪಿಸಿಕೊಳ್ಳಲು ಹೊತ್ತೇ ಹಿಡಿಯಲಿಲ್ಲ. "ಜ್ವಾಳದ ರೊಟ್ಟಿ, ಪುಂಡಿಪಲ್ಯಾ, ಕುರಿ ಹಾಲು. ಮದಲ ನಾಚಿಕೊಂಡ. ಆಮ್ಯಾಲ ನಾಕು ರೊಟ್ಟಿ ಹೊಡದ. ಇನ್ನೊಂದೀಟು ಪಲ್ಯಾ ಹಾಕ್ರಿ ಅಂತ ತಾನ ಕೇಳಿ ಹಾಕಿಸಿಕೊಂಡ."

"ಪುಂಡಿಪಲ್ಯಾ?" ಸೋನಾಬಾಯಿ ಕಣ್ಣರಳಿಸಿದರು. "ಮನ್ಯಾಗ ಅದನ್ನ ಮುಟ್ಟತಿರಲಿಲ್ಲರಿ ಅಂವ! ಅವ್ವ ಮಾಡಿದ್ರ ತಾಟು ಸರಿಸಿ ಎದ್ದು ಹೋಗ್ತಿದ್ದ."

"ನಮ್ಮ ಮನ್ಯಾಗ ಉಂಡ ನೋಡ್ರಿ ಮತ್ತ." ಬೋರವ್ವನ ಮುಖದಲ್ಲಿ ಹೆಮ್ಮೆ ಹಣಿಕಿತು. "ಉಂಡು ಹೊರಗ ಕಂಬಳಿ ಮ್ಯಾಲ ಅಂಗಾತ ಬಿದ್ದು, ಈ ನೆಲದ ಕೆಳಗ ಎಲ್ಲೆಲ್ಲಿ ನೀರೈತಿ ಅಂತ ನಮ್ಮವ್ರಿಗೆ ಹೇಳಾಕತ್ತಿದ್ದ. ಒಂದು ಕುರಿಮರಿ ಬಂದು ಅವನ ಬಗಲಾಗ ಮಲಗಿತು. ಅದಕ್ಕ ನಿದ್ದಿ ಕೆಡತೈತಿ ಅಂತ ಹೊಳ್ಳಿ ಮಲಗಲಿಲ್ಲ ನೋಡ್ರಿ, ಬೆಳತನಾ."

ಸೋನಾಬಾಯಿ ನಗುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಇನ್ನೂ ಕೇಳಿದರು, ಬೋರವ್ವ ಇನ್ನೂ ಹೇಳಿದಳು. ವಿಶಾಖಾ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿದಳು. ಬಿಸಿಲು ಇಳಿಯುತ್ತ ಬಂತು.

"ಹೊಳ್ಳಿ ಹೋಗೂಣಲ್ರಿ?" ಎಂದು ಸೋನಾಬಾಯಿ ಕೀಲಿಗೆ ಕೈ ಹಾಕಿದರು.

ಬೋರವ್ವ ಮುಂದಿನ ರಸ್ತೆಯನ್ನು ನೋಡಿದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ಇನ್ನೊಂದೀಟು ಮುಂದ ಹೋಗೂಣು ತಡೀರಿ."